ಪಾರ್ತಿಯ ಮಗ ಸುಬ್ಬ, ಇಸಬೆಲಳ ಮಗಳು ಹುವಾನಾ

ಯಕ್ಷಗಾನದ ಪಿತಾಮಹ ಎಂದು ನಾವು ಯಾರನ್ನು ಕರೆಯುತ್ತೇವೋ ಅವನ ಹೆಸರಿನಲ್ಲಿ ತಂದೆ ಇಲ್ಲ, ತಾಯಿ ಇದ್ದಾಳೆ. ಪಾರ್ತಿ ಎಂದರೆ ಪಾರ್ವತಿ, ಅವಳ ಮಗ ಸುಬ್ಬನೇ ಪಾರ್ತಿಸುಬ್ಬ ಎಂದು ಕುಂಬಳೆ ಸೀಮೆಯಲ್ಲಿ ನಡೆದುಬಂದ ಮಾತು. ರಾಮಕುಂಜದ ಕಡೆ ಮಳೆಗಾಲದ ತಾಳಮದ್ದಲೆಗೆ ಬಂದು ಕೂರುವವರಿಗೆ ಈ ಹೆಸರು ಹೊಸತಲ್ಲ. ಪಂಚವಟಿ, ವಾಲಿಸಂಹಾರ, ಉಂಗುರಸಂಧಿ, ಸೇತುಬಂಧನ, ಅಂಗದಸಂಧಾನ, ಕುಂಭಕರ್ಣ ಕಾಳಗ ಎಂದು ಭಾಗವತರು ಎತ್ತಿಕೊಳ್ಳುವ ರಾಮಾಯಣದ ಪ್ರಸಂಗಗಳನ್ನೆಲ್ಲ ರೂಢಿಯಲ್ಲಿ ಅವನ ಲೆಕ್ಕಕ್ಕೇ ಬರೆಯುತ್ತೇವೆ. ಕರ್ನಾಟಕ ಯಕ್ಷಗಾನ ಅಕಾಡೆಮಿಯ ದೊಡ್ಡ ಪ್ರಶಸ್ತಿಗೂ ಅವನದೇ ಹೆಸರು. ಆದರೆ ಅವನು ಎಲ್ಲಿಯವನು, ಯಾವ ಕಾಲದವನು, ಇವೆಲ್ಲ ನಿಜವಾಗಿ ಅವನವೇ ಎಂಬ ಚರ್ಚೆ ಮುಕ್ಕಾಲು ಶತಮಾನದಿಂದ ನಡೆದೇ ಇದೆ.

ಚರ್ಚೆ ನಡೆಯಲಿ, ಅದು ಬೇಕು. ನನಗೆ ಅರ್ಥವಾಗದೆ ಉಳಿದಿರುವುದು ಬೇರೆ. ಚರ್ಚಿಸಿದವರು ಅವನ ಊರು ಕೇಳಿದರು, ಸಂವತ್ಸರ ಕೇಳಿದರು, ಕೇರಳದ ಋಣ ಎಷ್ಟು ಎಂದು ಕೇಳಿದರು. ಹೆಸರಿನ ಮೊದಲ ಎರಡು ಅಕ್ಷರಗಳಲ್ಲೇ ಎದುರಾಗುವ ಹೆಂಗಸನ್ನು ಮಾತ್ರ ಒಂದೆರಡು ಸಾಲಿನಲ್ಲಿ ದಾಟಿಕೊಂಡು ಮುಂದೆ ಹೋದರು. ಮೂಲ ಹುಡುಕುವವರಿಗೆ ಕೈಗೆ ಸಿಕ್ಕ ಮೊದಲ ಸುಳಿವೇ ಅವಳಲ್ಲವೇ?

*

ಈ ಪ್ರಶ್ನೆ ತಲೆಯಲ್ಲಿ ಸುತ್ತುತ್ತಿದ್ದ ದಿನಗಳಲ್ಲೇ ಮೆಕ್ಸಿಕೋದ ಒಬ್ಬ ಸನ್ಯಾಸಿನಿಯ ಕಥೆ ಓದಿದೆ. ಸೋರ್ ಹುವಾನಾ ಇನೆಸ್ ದೆ ಲಾ ಕ್ರೂಸ್. ಸ್ಪೇನಿನ ಅರಸರು ಮೆಕ್ಸಿಕೋವನ್ನು ಆಳುತ್ತಿದ್ದ ಕಾಲದ ಅತಿ ದೊಡ್ಡ ಕವಿ. ಪೊಪೊಕಾತೆಪೆತ್ಲ್ ಜ್ವಾಲಾಮುಖಿಯ ತಪ್ಪಲಿನ ನೆಪಾಂತ್ಲಾ ಎಂಬ ಹಳ್ಳಿಯಲ್ಲಿ ಹುಟ್ಟಿ, 1695ರ ಏಪ್ರಿಲ್ 17ರಂದು ಮೆಕ್ಸಿಕೋ ನಗರದ ಸಾನ್ ಹೆರೋನಿಮೊ ಮಠದಲ್ಲಿ ತೀರಿಕೊಂಡಳು. ಇವತ್ತು ಅಲ್ಲಿನ ನೂರು ಪೆಸೊ ನೋಟಿನ ಮೇಲೆ ಅವಳ ಮುಖವಿದೆ. ಅವಳ ಬಗ್ಗೆ ಬಂದ ದೊಡ್ಡ ಪುಸ್ತಕವನ್ನು ಬರೆದವನು ಕವಿ ಆಕ್ತಾವಿಯೊ ಪಾಸ್, 1962ರಿಂದ 1968ರವರೆಗೆ ದೆಹಲಿಯಲ್ಲಿ ಮೆಕ್ಸಿಕೋದ ರಾಯಭಾರಿಯಾಗಿದ್ದವನು. ಆ ಪುಸ್ತಕ ಬಂದದ್ದು 1982ರಲ್ಲಿ.

ಹುವಾನಾಳ ತಾಯಿ ಇಸಬೆಲ್ ರಮೀರೆಸ್. ತಂದೆ ಎನ್ನಲಾದವನು ಪೆದ್ರೊ ಮಾನ್ವೆಲ್ ದೆ ಅಸ್ಬಾಹೆ. ಇಬ್ಬರಿಗೂ ಮದುವೆಯಾಗಿರಲಿಲ್ಲ. ಹುಡುಗಿ ಬೆಳೆದದ್ದು ತಾಯಿಯ ತಂದೆಯ ಮನೆಯಲ್ಲಿ. ಮಠ ಸೇರುವ ಮುಂಚೆ ವೈಸರಾಯನ ಅರಮನೆಯಲ್ಲಿದ್ದಾಗ ಅವಳನ್ನು ಜನ ಕರೆಯುತ್ತಿದ್ದದ್ದು ಹುವಾನಾ ರಮೀರೆಸ್ ಎಂದು, ಅಂದರೆ ತಾಯಿಯ ಮನೆತನದ ಹೆಸರಿನಿಂದ.

ಕುಂಬಳೆಗೂ ನೆಪಾಂತ್ಲಾಕ್ಕೂ ಎತ್ತಣಿಂದೆತ್ತ? ಒಬ್ಬ ಭಾಗವತರ ಬಾಯಲ್ಲಿ ಉಳಿದವನು, ಇನ್ನೊಬ್ಬಳು ತಾನು ಬದುಕಿರುವಾಗಲೇ ಸ್ಪೇನಿನಲ್ಲಿ ಪುಸ್ತಕ ಅಚ್ಚಾದವಳು. ಆದರೂ ಇಬ್ಬರ ಮೂಲದ ಹುಡುಕಾಟವೂ ಒಂದೇ ಥರ ಸಾಗಿದೆ. ಎರಡೂ ಕಡೆ ಪಂಡಿತರು ತಾಯಿಯ ಮನೆಯ ಅಂಗಳ ದಾಟಿ, ಆಚೆ ದೂರದಲ್ಲಿ ಮಸುಕಾಗಿ ಕಾಣುವುದರ ಹಿಂದೆ ಹೋಗಿದ್ದಾರೆ.

*

ನಮ್ಮ ಕಡೆ ಒಬ್ಬನ ಹೆಸರು ಕೇಳಿದರೆ ಮನೆ ಗೊತ್ತಾಗುತ್ತದೆ. ಸೇಡಿಯಾಪು ಕೃಷ್ಣ ಭಟ್ಟ, ಕಡೆಂಗೋಡ್ಲು ಶಂಕರ ಭಟ್ಟ, ಮುಳಿಯ ತಿಮ್ಮಪ್ಪಯ್ಯ, ಕುಕ್ಕಿಲ ಕೃಷ್ಣ ಭಟ್ಟ. ಮುಂದೆ ನಿಂತಿರುವುದು ಮನೆಯೋ ಜಾಗವೋ. ಆ ಮನೆಯಿಂದ ಪಾಲಾಗಿ ಬೇರೆ ಕಡೆ ತೋಟ ಮಾಡಿದವನು ಎರಡು ತಲೆಮಾರಿನಲ್ಲಿ ಹೊಸ ಜಾಗದ ಹೆಸರು ಇಟ್ಟುಕೊಳ್ಳುತ್ತಾನೆ. ಹಾಗಾಗಿ ಒಂದೇ ಅಜ್ಜನ ಮೊಮ್ಮಕ್ಕಳು ನಾಲ್ಕು ಹೆಸರಿನಲ್ಲಿ ಸಿಗುವುದು ಇಲ್ಲಿ ಸಾಮಾನ್ಯ. ಮದುವೆ ಮನೆಯಲ್ಲಿ ಊಟದ ಪಂಕ್ತಿಗೆ ಕೂತಾಗ ಮೊದಲ ಮಾತೇ, "ನಿಮ್ಮ ಮೂಲಮನೆ ಯಾವುದು?"

ಸುಬ್ಬ ಎಂಬ ಹೆಸರಂತೂ ಹುಡುಕುವವನಿಗೆ ಏನೂ ಸಹಾಯ ಮಾಡುವುದಿಲ್ಲ. ಕುಕ್ಕೆ ಸುಬ್ರಹ್ಮಣ್ಯ ನಮಗೆ ಇಷ್ಟು ಹತ್ತಿರ. ಈ ಸೀಮೆಯಲ್ಲಿ ಸುಬ್ಬ, ಸುಬ್ಬಣ್ಣ, ಸುಬ್ರಾಯ, ಸುಬ್ಬಪ್ಪ ಇಲ್ಲದ ಮನೆ ಅಪರೂಪ, ಯಾವ ಜಾತಿಯಲ್ಲಾದರೂ. ಇಷ್ಟು ಸುಬ್ಬರ ನಡುವೆ ಇವನನ್ನು ಬೇರೆ ಮಾಡಿ ತೋರಿಸುವುದಕ್ಕೆ ಅವನ ಕಾಲದವರು ಮನೆಯನ್ನು ಹಿಡಿಯಲಿಲ್ಲ, ಅಪ್ಪನನ್ನು ಹಿಡಿಯಲಿಲ್ಲ. ಪಾರ್ತಿಯನ್ನು ಹಿಡಿದರು. ಒಂದು ಊರು ಒಬ್ಬನನ್ನು ತಾಯಿಯ ಹೆಸರಿನಿಂದ ಗುರುತಿಸಬೇಕಾದರೆ ಆ ತಾಯಿ ಊರಿಗೆ ಗೊತ್ತಿರಬೇಕು. ಗಂಡ ಬೇಗ ಹೋಗಿ ಒಬ್ಬಳೇ ಮಗನನ್ನು ಸಾಕಿದ್ದಿರಬಹುದು, ಗಂಡನೇ ಇಲ್ಲದಿರಬಹುದು, ಅಥವಾ ತಾಯಿಯ ಕಡೆಯಿಂದಲೇ ಕುಟುಂಬ ಎಣಿಸುವ ಸಮುದಾಯದವಳಾಗಿದ್ದಿರಬಹುದು. ಮೂರರಲ್ಲಿ ಯಾವುದೇ ಆಗಲಿ, ಅವಳು ಯಾರದೋ ಮನೆಯ ಮೂಲೆಯಲ್ಲಿ ಕಾಣದೆ ಕೂತವಳಾಗಿರಲಾರಳು.

*

ನಾಗರ ಪಂಚಮಿ. ಇಲ್ಲೇ ಹತ್ತಿರದ ಒಂದು ನಾಗಬನಕ್ಕೆ ಮುಂಬಯಿಯಿಂದ ಒಂದು ಕುಟುಂಬ ಬಂದಿತ್ತು. ಮೂರು ತಲೆಮಾರು ಹೊರಗಿದ್ದವರು. ಮನೆಯಲ್ಲಿ ಏನೋ ತೊಂದರೆಯಾಗಿ ಪ್ರಶ್ನೆ ಇಡಿಸಿದಾಗ ಮೂಲ ನಾಗನಿಗೆ ಸೇವೆ ನಿಂತುಹೋಗಿದೆ ಎಂದು ಕಂಡಿತಂತೆ. ಅಂದಿನಿಂದ ಮೂಲ ಹುಡುಕುತ್ತಿದ್ದಾರೆ. ನಮ್ಮ ಜಿಲ್ಲೆಯಲ್ಲಿ ಇದು ದಿನನಿತ್ಯದ ಸಂಗತಿ. ಪರವೂರಿಗೆ ಹೋದವರು ಸೀಯಾಳ, ಹಾಲು, ಹಿಂಗಾರ, ಕೇದಗೆ, ಅರಸಿನ ಹಿಡಿದುಕೊಂಡು ಕಾಡಿನಂಚಿನ ಯಾವುದೋ ಬನ ಹುಡುಕಿ ಬರುತ್ತಾರೆ. ಎಷ್ಟು ಹುಡುಕಿದರೂ ಸಿಗದವರು ಕುಕ್ಕೆಗೆ ಹೋಗಿ ಸೇವೆ ಮಾಡಿಸುತ್ತಾರೆ.

ಆ ಕುಟುಂಬದ ಹುಡುಗಿ, ಕಾಲೇಜು ಓದುವವಳು, ಮೊಬೈಲಿನಲ್ಲಿ ವಂಶವೃಕ್ಷ ಬರೆದುಕೊಂಡಿದ್ದಳು. ಮೇಲೆ ಅಪ್ಪನ ಹೆಸರು, ಅದರ ಮೇಲೆ ಅಜ್ಜನ ಹೆಸರು, ಅಲ್ಲಿಗೆ ನಿಂತಿತ್ತು. ಬನದ ಪಕ್ಕದ ಮನೆಯ ಹಿರಿಯ ಹೆಂಗಸು ಅದನ್ನು ತಿರುಗಿಸಿ ನೋಡಿ ತುಳುವಿನಲ್ಲಿ ಹೇಳಿದ್ದು ಹೀಗೆ:

"ಇದರಲ್ಲಿ ನಿನ್ನ ಅಮ್ಮ ಎಲ್ಲಿ ಮಗಾ?"

"ಅಮ್ಮನದ್ದು ಬೇರೆ ಕುಟುಂಬ ಅಲ್ವಾ ದೊಡ್ಡಮ್ಮ?"

"ಬೇರೆ ಎಂತದು? ನಿನ್ನ ಬರಿ ಅಮ್ಮನದ್ದೇ. ಅಮ್ಮನ ಅಮ್ಮ ಎಲ್ಲಿಯವಳು, ಅವಳ ಅಮ್ಮ ಎಲ್ಲಿಯವಳು, ಹಾಗೆ ಕೇಳಿಕೊಂಡು ಹೋಗು. ನಾಗ ಅಲ್ಲೇ ಇರುವುದು."

ಹುಡುಗಿ ಮೊಬೈಲಿನಲ್ಲಿ ಬರೆದಿದ್ದದ್ದನ್ನು ಅಳಿಸಿ ಅಲ್ಲೇ ಕಟ್ಟೆಯ ಮೇಲೆ ಕೂತು ಮತ್ತೆ ಶುರುಮಾಡಿದಳು. ಈ ಸಲ ಅಮ್ಮನ ಹೆಸರಿನಿಂದ.

ತಾಯಿಯ ಕಡೆಯಿಂದ ಎಣಿಸುವ ಅಳಿಯಸಂತಾನದ ಕುಟುಂಬಗಳಲ್ಲಿ ಆಸ್ತಿ ನಡೆಯುವ ದಾರಿ ಬದಲಾಗಿ ಬಹಳ ಕಾಲವಾಯಿತು. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ, ಆಮೇಲೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದವು. ಆದರೆ ಬರಿ, ಅಂದರೆ ಗೋತ್ರದ ಹಾಗೆ ಎಣಿಸುವ ಕುಲ, ಇನ್ನೂ ತಾಯಿಯದ್ದೇ. ಒಂದೇ ಬರಿಯವರು ಇವತ್ತಿಗೂ ತಮ್ಮೊಳಗೆ ಮದುವೆಯಾಗುವುದಿಲ್ಲ. ಇಂಥ ನಾಡಿನಲ್ಲಿ ತಾಯಿಯ ಹೆಸರು ಹೊತ್ತ ಕವಿಯೊಬ್ಬ ಸಿಕ್ಕಿದರೆ, ಅವನ ಮೂಲವನ್ನು ತಾಯಿಯಿಂದ ಶುರುಮಾಡಬೇಕು ಎಂದು ಬನದ ಪಕ್ಕದ ಹೆಂಗಸಿಗೆ ಕೂಡಲೇ ಹೊಳೆಯುತ್ತದೆ. ಓದಿದವರಿಗೆ ಯಾಕೆ ಹೊಳೆಯಲಿಲ್ಲವೋ!

*

ಓದಿದವರ ಕಷ್ಟವನ್ನೂ ಬರೆದುಕೊಳ್ಳಬೇಕು. ಅವರ ಎದುರಿಗಿದ್ದದ್ದು ಓಲೆಗರಿ.

ಪ್ರಸಂಗದ ಓಲೆ ಎಂದರೆ ಹಾಡುವವನ ಸಾಮಾನು. ಆಟದಿಂದ ಆಟಕ್ಕೆ, ಕೈಯಿಂದ ಕೈಗೆ ಹೋಗುತ್ತದೆ. ತೂತಿನ ಹತ್ತಿರ ಸವೆಯುತ್ತದೆ, ಹುಳ ತಿನ್ನುತ್ತದೆ, ಇನ್ನೊಬ್ಬ ಪ್ರತಿ ಮಾಡಿಕೊಳ್ಳುತ್ತಾನೆ. ಪ್ರತಿ ಮಾಡಿದವನು ಕೊನೆಗೆ ತನ್ನ ಹೆಸರು ಬರೆಯುತ್ತಾನೆ, ತಪ್ಪಿದ್ದರೆ ಕ್ಷಮಿಸಿ ಎನ್ನುತ್ತಾನೆ, ಸಂವತ್ಸರ ತಿಂಗಳು ತಿಥಿ ಹಾಕುತ್ತಾನೆ. ಕವಿಯ ಹೆಸರು ಅವನಿಗೆ ಬೇಕಾಗಿಯೇ ಇಲ್ಲ. ಸಂವತ್ಸರವಾದರೂ ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುವಂಥದು. ಶಕವರ್ಷ ಬರೆಯದೆ ಬರೀ ಪ್ಲವಂಗ ಎಂದಷ್ಟೇ ಇದ್ದರೆ ಅದು 1727 ಆಗಬಹುದು, 1787 ಆಗಬಹುದು, 1847ರದ್ದೂ ಆಗಬಹುದು. ಮೂರು ಕಾಲಕ್ಕೆ ಮೂರು ಬೇರೆ ಆಡಳಿತ. 1763ರಲ್ಲಿ ಹೈದರಾಲಿ ಕೆನರಾ ಸೀಮೆಯನ್ನು ಹಿಡಿದ, 1799ರಲ್ಲಿ ಅದು ಕಂಪೆನಿಯ ಕೈಗೆ ಹೋಯಿತು. ಒಂದು ಗರಿಯ ಮೇಲಿನ ಒಂದು ಸಂವತ್ಸರವನ್ನು ಹೇಗೆ ಓದುತ್ತೇವೆ ಎಂಬುದರ ಮೇಲೆ ಕವಿ ಇಕ್ಕೇರಿ ಅರಸರ ಕಾಲಕ್ಕೂ ಹೋಗುತ್ತಾನೆ, ಬ್ರಿಟಿಷರ ಕಾಲಕ್ಕೂ ಬರುತ್ತಾನೆ.

ಇನ್ನು ಅಂಕಿತ. ಪಾರ್ತಿಸುಬ್ಬನದೆನ್ನುವ ಹಾಡುಗಳಲ್ಲಿ ಬರುವುದು ಕಣ್ವಪುರದ ಕೃಷ್ಣ. ಕಣ್ವಪುರ ಎಂದರೆ ಕಣಿಪುರ, ಕುಂಬಳೆಯ ಗೋಪಾಲಕೃಷ್ಣ ದೇವಸ್ಥಾನ. ಕಣ್ವ ಮುನಿಗಳ ಪ್ರತಿಷ್ಠೆ ಎಂದು ಸ್ಥಳಪುರಾಣ. ಕುಂಬಳೆ ಸೀಮೆಯ ಮಾಯಿಪ್ಪಾಡಿ ಅರಸರಿಗೆ ಸೇರಿದ ನಾಲ್ಕು ಮುಖ್ಯ ದೇವಸ್ಥಾನಗಳಲ್ಲಿ ಅದೊಂದು. ಅಡೂರು, ಮಧೂರು, ಕಾವು, ಕಣಿಯಾರ ಎಂದು ಆ ಕಡೆಯವರು ಒಂದೇ ಉಸಿರಿಗೆ ಹೇಳುತ್ತಾರೆ. ಆದರೆ ಅಂಕಿತ ದೇವರದ್ದು. ಒಂದು ದೇವರಿಗೆ ಭಕ್ತರು ಎಷ್ಟಾದರೂ ಇರಬಹುದು, ಕವಿಗಳೂ ಅಷ್ಟೇ. ಕಣ್ವಪುರದ ಕೃಷ್ಣನನ್ನು ಸ್ಮರಿಸಿದ್ದೆಲ್ಲ ಒಬ್ಬನೇ ಬರೆದದ್ದು ಎಂದು ಹೇಗೆ ಹೇಳುವುದು?

ಹೀಗಿರುವಾಗ ನಡೆದ ಕೆಲಸ ಸಣ್ಣದಲ್ಲ. ಮುಳಿಯ ತಿಮ್ಮಪ್ಪಯ್ಯನವರು 1945ರಲ್ಲಿ ಪಾರ್ತಿಸುಬ್ಬನ ಮೇಲೆ ಪುಸ್ತಕವನ್ನೇ ಬರೆದರು. ಪಂಪನ ಮೇಲೆ 'ನಾಡೋಜ ಪಂಪ' ಬರೆದ ಕೈಯೇ ಅದು. ಯಕ್ಷಗಾನದ ಕವಿಯನ್ನೂ ಪಂಪನ ಮಟ್ಟದಲ್ಲಿಟ್ಟು ಹುಡುಕಬೇಕು ಎಂದು ಆ ಕಾಲದಲ್ಲಿ ಅವರಿಗೆ ಅನ್ನಿಸಿದ್ದೇ ದೊಡ್ಡದು. ಆಮೇಲೆ ನಮ್ಮ ಪುತ್ತೂರಿನ ಬಾಲವನದಲ್ಲಿದ್ದ ಶಿವರಾಮ ಕಾರಂತರು ಈ ರಾಮಾಯಣ ಪ್ರಸಂಗಗಳು ಕುಂಬಳೆಯ ಸುಬ್ಬನವು ಎಂಬುದನ್ನೇ ಒಪ್ಪಲಿಲ್ಲ. ಅವರ 'ಯಕ್ಷಗಾನ ಬಯಲಾಟ'ಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಊರೂರು ತಿರುಗಿ ಓಲೆಪ್ರತಿ ಕಂಡವರ ಮಾತು, ಹಾಗೆಯೇ ತಳ್ಳಿಹಾಕುವುದಕ್ಕೆ ಬರುವುದಿಲ್ಲ. ಅವರಿಗೆ ಎದುರಾಗಿ ನಿಂತವರು ಕುಕ್ಕಿಲ ಕೃಷ್ಣ ಭಟ್ಟರು. 1975ರಲ್ಲಿ 'ಪಾರ್ತಿಸುಬ್ಬನ ಯಕ್ಷಗಾನಗಳು' ಸಂಪಾದಿಸಿ ಕೊಟ್ಟರು. ಕೇರಳದ ಕೊಟ್ಟಾರಕ್ಕರ ತಂಬುರಾನನ ರಾಮನಾಟ್ಟಂ ಜೊತೆಗಿಟ್ಟು ಹೋಲಿಸಿ, ಸುಬ್ಬ ಎಲ್ಲಿಂದ ಏನು ತೆಗೆದುಕೊಂಡ ಎಂದು ತೋರಿಸಿದರು.

ಯಕ್ಷಗಾನದ ತೆಂಕು ಬಡಗು ತಿಟ್ಟುಗಳ ಅಭಿಮಾನ ಈ ವಾದದಲ್ಲಿ ಇರಲೇ ಇಲ್ಲ ಎನ್ನಲಾರೆ. 1956ರಲ್ಲಿ ಕುಂಬಳೆ ಇರುವ ಕಾಸರಗೋಡು ಕೇರಳಕ್ಕೆ ಹೋದ ನೋವೂ ಇದರ ಒಳಗೆ ಎಲ್ಲೋ ಇದೆ. ಕುಂಬಳೆಯ ಕವಿ ಕನ್ನಡದ ದೊಡ್ಡ ಕವಿ ಎಂದು ಸಾಧಿಸುವುದು ಗಡಿಯ ಆಚೆ ಉಳಿದವರಿಗೆ ಬರೀ ಸಾಹಿತ್ಯದ ಪ್ರಶ್ನೆಯಾಗಿರಲು ಸಾಧ್ಯವಿರಲಿಲ್ಲ. ಅದನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಈ ಎಲ್ಲ ವಾದದಲ್ಲೂ ಪಾರ್ತಿಯ ಪಾಲಿಗೆ ಬಂದದ್ದು ಒಂದೆರಡು ಸಾಲು.

*

ಹುವಾನಾಳ ವಿಷಯದಲ್ಲಿ ಓಲೆಯ ಬದಲು ಚರ್ಚಿನ ಪುಸ್ತಕವಿತ್ತು. ಕಾಗದ ಇದ್ದರೆ ಎಲ್ಲ ಸುಲಭ ಎಂದುಕೊಳ್ಳುತ್ತೇವೆ.

ಅವಳ ಮೊದಲ ಜೀವನಚರಿತ್ರೆ ಬರೆದ ಪಾದ್ರಿ ದಿಯೆಗೊ ಕಾಯೆಹಾ, 1700ರಲ್ಲಿ, ಅವಳು ಹುಟ್ಟಿದ್ದು 1651ರ ನವೆಂಬರ್ 12, ಶುಕ್ರವಾರ, ರಾತ್ರಿ ಹನ್ನೊಂದು ಗಂಟೆಗೆ ಎಂದು ಬರೆದ. ಇಷ್ಟು ಖಚಿತವಾಗಿ ಹೇಳಿದ ಮೇಲೆ ಯಾರು ಪ್ರಶ್ನಿಸುತ್ತಾರೆ? ಇನ್ನೂರೈವತ್ತು ವರ್ಷ ಅದೇ ನಡೆಯಿತು. ಆದರೆ ಆ ದಿನ ಭಾನುವಾರ. ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಗಿಯೆರ್ಮೊ ರಮೀರೆಸ್ ಎಸ್ಪಾನ್ಯಾ ಮತ್ತು ಆಲ್ಬೆರ್ತೊ ಸಾಲ್ಸೆದಾ ಚಿಮಲ್ವಾಕಾನಿನ ಚರ್ಚಿನ ದೀಕ್ಷಾಸ್ನಾನದ ಪುಸ್ತಕ ತಿರುವಿ ಹಾಕಿದಾಗ 1648ರ ಡಿಸೆಂಬರ್ 2ರ ಒಂದು ನಮೂದು ಸಿಕ್ಕಿತು. ಮಗುವಿನ ಹೆಸರು ಇನೆಸ್. ತಂದೆ ತಾಯಿಯ ಹೆಸರು ಬರೆಯುವಲ್ಲಿ ಚರ್ಚಿನ ಮಗಳು ಎಂದಷ್ಟೇ ಇದೆ. ಮದುವೆಯ ಹೊರಗೆ ಹುಟ್ಟಿದ ಮಕ್ಕಳಿಗೆ ಆ ಕಾಲದ ಪಾದ್ರಿಗಳು ಬರೆಯುತ್ತಿದ್ದ ಮಾತು ಅದು. ಹಾಗಾದರೆ ಅದು ನಮ್ಮ ಕವಿಯೇ ಎಂದು ಗೊತ್ತಾದದ್ದು ಹೇಗೆ? ಧರ್ಮಪಿತ, ಧರ್ಮಮಾತೆಯ ಹೆಸರಿನಿಂದ. ಮಿಗೆಲ್ ರಮೀರೆಸ್, ಬೆಯಾತ್ರಿಸ್ ರಮೀರೆಸ್. ಇಸಬೆಲಳ ಅಣ್ಣತಮ್ಮ, ಅಕ್ಕತಂಗಿ. ಅಂದರೆ ಮಗುವಿನ ಸೋದರಮಾವ, ಚಿಕ್ಕಮ್ಮ. ಅದು ಅವಳದೇ ನಮೂದೆಂದು ಎಲ್ಲರೂ ಒಪ್ಪಿಲ್ಲ. ಆದರೆ ಒಪ್ಪಿದವರು ಹಿಡಿದದ್ದು ತಾಯಿಯ ಕಡೆಯ ಕೈಯನ್ನೇ. ಇದನ್ನು ಓದಿದಾಗ ನನಗೆ ಎಷ್ಟೋ ಹೊತ್ತು ಪುಸ್ತಕದ ಮುಂದಿನ ಪುಟಕ್ಕೆ ಹೋಗಲಾಗಲಿಲ್ಲ. ಸೋದರಮಾವನ ಮನೆಯ ಹೆಸರಿನಿಂದ ಮಗುವನ್ನು ಗುರುತಿಸುವುದು ತುಳುನಾಡಿನವರಿಗೆ ಹೇಳಿಕೊಡಬೇಕಾದ ವಿದ್ಯೆಯಲ್ಲ.

ನಮ್ಮಲ್ಲೂ ಚರ್ಚಿನ ಪುಸ್ತಕದಲ್ಲಿ ಮೂಲ ಹುಡುಕುವವರಿದ್ದಾರೆ. ಗೋವೆಯಿಂದ ಬಂದು ನೆಲೆಸಿದ ಕೊಂಕಣಿ ಕ್ರೈಸ್ತ ಮನೆಗಳವರು. 1784ರಲ್ಲಿ ಟಿಪ್ಪು ಅವರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದಾಗ ಚರ್ಚುಗಳನ್ನೂ ಕೆಡವಿಸಿದ. ಅಲ್ಲಿಗೆ ಹಳೆಯ ಎಳೆಗಳು ಕಡಿದುಹೋದವು.

*

ತಂದೆ ಎಲ್ಲಿಯವನು ಎಂಬ ಹುಡುಕಾಟ ಇನ್ನೂ ಮುಗಿದಿಲ್ಲ. ಕಾಯೆಹಾ ಅವನನ್ನು ಸ್ಪೇನಿನ ಉತ್ತರದ ಬಾಸ್ಕ್ ನಾಡಿನವನು ಎಂದ. ಹುವಾನಾ ಕೂಡ 1692ರಲ್ಲಿ ಸೆವಿಲ್ಯದಲ್ಲಿ ಅಚ್ಚಾದ ತನ್ನ ಎರಡನೆಯ ಸಂಪುಟವನ್ನು ಬಾಸ್ಕ್ ಮೂಲದ ಒಬ್ಬ ಪೋಷಕನಿಗೆ ಅರ್ಪಿಸುವಾಗ ತಾನೂ ಬಿಸ್ಕಾಯ ನಾಡಿನದೇ ಒಂದು ಕೊಂಬೆ ಎಂದು ಬರೆದಿದ್ದಾಳೆ. ಈಚೆಗೆ ಸಿಕ್ಕ ಕಾಗದಗಳನ್ನು ಹಿಡಿದು ಕೆಲವು ಸಂಶೋಧಕರು ಅಸ್ಬಾಹೆ ಮನೆತನ ಕ್ಯಾನರಿ ದ್ವೀಪಗಳಿಂದ ಬಂದದ್ದು ಎನ್ನುತ್ತಾರೆ. ಬಾಸ್ಕ್ ನಾಡಿಗೂ ಕ್ಯಾನರಿ ದ್ವೀಪಗಳಿಗೂ ನಡುವೆ ಒಂದು ಸಮುದ್ರವೇ ಇದೆ.

1669ರ ಫೆಬ್ರವರಿ 24ರಂದು ಸಾನ್ ಹೆರೋನಿಮೊ ಮಠದಲ್ಲಿ ವ್ರತ ಸ್ವೀಕರಿಸುವಾಗ ಅವಳು ಬರೆದುಕೊಟ್ಟದ್ದು ತಾನು ಪೆದ್ರೊ ದೆ ಅಸ್ಬಾಹೆ ಮತ್ತು ಇಸಬೆಲ್ ರಮೀರೆಸರ ಸಕ್ರಮ ಮಗಳು ಎಂದು. ಸನ್ಯಾಸಕ್ಕೆ ಸಕ್ರಮ ಹುಟ್ಟು ಬೇಕಿತ್ತು. ಓದಬೇಕು, ಬರೆಯಬೇಕು, ಮದುವೆ ಬೇಡ ಎಂದು ನಿರ್ಧರಿಸಿದ ಹುಡುಗಿಗೆ ಆ ಕಾಲದಲ್ಲಿ ತೆರೆದಿದ್ದ ಬಾಗಿಲು ಅದೊಂದೇ. ಆ ಒಂದು ಸಾಲಿಗಾಗಿ ಅವಳನ್ನು ಸುಳ್ಳಿ ಎಂದು ಕರೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಸುಳ್ಳು ಬರೆಯಿಸಿಕೊಂಡದ್ದು ಆ ಬಾಗಿಲು. 1691ರಲ್ಲಿ ತನ್ನ ಓದಿನ ಹಕ್ಕಿನ ಪರವಾಗಿ ಬರೆದ ಪ್ರಸಿದ್ಧ ಪತ್ರದಲ್ಲಿ ಅವಳು ತನ್ನ ಬಾಲ್ಯ ಹೇಳಿಕೊಂಡಿದ್ದಾಳೆ. ಮೂರು ವರ್ಷದವಳಾಗಿದ್ದಾಗ ಅಕ್ಕನ ಹಿಂದೆ ಹೋಗಿ ಅಕ್ಷರ ಕಲಿತದ್ದು, ಗಂಡು ಹುಡುಗನ ಬಟ್ಟೆ ತೊಡಿಸಿ ವಿಶ್ವವಿದ್ಯಾಲಯಕ್ಕೆ ಕಳಿಸು ಎಂದು ತಾಯಿಯನ್ನು ಕಾಡಿದ್ದು, ಅಜ್ಜನ ಪುಸ್ತಕಗಳನ್ನೆಲ್ಲ ಓದಿ ಮುಗಿಸಿದ್ದು. ಆ ನೆನಪುಗಳಲ್ಲಿ ತಾಯಿ ಇದ್ದಾಳೆ, ಅಜ್ಜ ಇದ್ದಾನೆ. ಹುಟ್ಟಿನ ವಿಷಯ ಎತ್ತಿ ಹಂಗಿಸಿದ ಒಬ್ಬನಿಗೆ ಅವಳು ಒಂದು ಚುಟುಕದಲ್ಲಿ ಉತ್ತರ ಕೊಟ್ಟಿದ್ದೂ ಇದೆ. ಅದನ್ನು ಓದಿದ ಮೇಲೆ ಆ ಮನುಷ್ಯ ಮತ್ತೆ ಬಾಯಿ ತೆರೆದಿರಲಾರ.

*

ಇಸಬೆಲ್ ರಮೀರೆಸ್. ಇವಳ ಬಗ್ಗೆ ಬೇರೆಯಾಗಿಯೇ ಬರೆಯಬೇಕು.

ತಂದೆ ಪೆದ್ರೊ ರಮೀರೆಸ್ ಆಂದಲೂಸಿಯಾದ ಸಾನ್ಲೂಕರ್ ಎಂಬ ಬಂದರು ಊರಿನಿಂದ ಬಂದವನು. ನೆಪಾಂತ್ಲಾ, ಪನೊವಾಯಾನ್ ಎಂಬ ಎರಡು ದೊಡ್ಡ ಜಮೀನುಗಳನ್ನು ಗೇಣಿಗೆ ಹಿಡಿದಿದ್ದ. 1656ರಲ್ಲಿ ಅವನು ತೀರಿಕೊಂಡ ಮೇಲೆ ಪನೊವಾಯಾನನ್ನು ನಡೆಸಿದವಳು ಇಸಬೆಲ್. ಸುಮಾರು ಮೂವತ್ತು ವರ್ಷ. ಗೇಣಿ, ಆಳು, ದನಕರು, ಬೆಳೆ, ಸಾಲ, ಎಲ್ಲವೂ. ಗಂಡನಿಲ್ಲದ ಹೆಂಗಸು, ಜ್ವಾಲಾಮುಖಿಯ ಬುಡದ ಆ ಸೀಮೆಯಲ್ಲಿ. ಅಡಿಕೆ ತೋಟವನ್ನು ಒಬ್ಬಳೇ ನಡೆಸಿದ ವಿಧವೆಯರು ನಮ್ಮ ಗ್ರಾಮದಲ್ಲೂ ಇದ್ದರು. ಕೂಲಿಯವರ ಎದುರು, ವ್ಯಾಪಾರಿಯ ಎದುರು, ಮೈದುನನ ಎದುರು ಅವರು ಹೇಗೆ ನಿಂತರು ಎಂಬುದನ್ನು ಕಣ್ಣಾರೆ ಕಂಡಿದ್ದೇನೆ. ಹಾಗಾಗಿ ಇಸಬೆಲಳ ಆ ಮೂವತ್ತು ವರ್ಷ ನನಗೆ ಅಂಕಿಯಾಗಿ ಕಾಣುವುದಿಲ್ಲ.

1687ರಲ್ಲಿ ಅವಳು ಮರಣಶಾಸನ ಬರೆಸಿದಳು. ತಾನು ಮದುವೆಯಾಗದವಳು, ಆರು ಮಕ್ಕಳು, ಮೂವರು ಅಸ್ಬಾಹೆಯಿಂದ, ಮೂವರು ದಿಯೆಗೊ ರುಯಿಸ್ ಲೊಸಾನೊ ಎಂಬ ಕ್ಯಾಪ್ಟನ್‌ನಿಂದ ಎಂದು ನೇರವಾಗಿ ಹೇಳಿ ಬರೆಸಿದಳು. ಮಗಳು ಹದಿನೆಂಟು ವರ್ಷ ಹಿಂದೆ ಮಠದ ಪುಸ್ತಕದಲ್ಲಿ ಮುಚ್ಚಿದ್ದನ್ನು ತಾಯಿ ಸಾಯುವ ಮುಂಚೆ ಬಿಚ್ಚಿಟ್ಟಳು. ಕೊನೆಗೆ ಸಹಿ ಹಾಕುವಲ್ಲಿ ತನಗೆ ಬರೆಯಲು ಬರುವುದಿಲ್ಲ ಎಂದಳು. 1688ರಲ್ಲಿ ತೀರಿಕೊಂಡಳು. ಸ್ಪಾನಿಷ್ ಭಾಷೆಯ ಅತಿ ಸೂಕ್ಷ್ಮ ಕವಿಗಳಲ್ಲಿ ಒಬ್ಬಳನ್ನು ಹೆತ್ತವಳಿಗೆ ತನ್ನ ಹೆಸರು ಬರೆಯಲು ಬರುತ್ತಿರಲಿಲ್ಲ.

ಈ ಒಂದು ಕಾಗದ ಇಲ್ಲದಿದ್ದರೆ ಹುವಾನಾಳ ಹುಟ್ಟಿನ ಬಗ್ಗೆ ನಮಗೆ ಗೊತ್ತಿರುತ್ತಿದ್ದದ್ದರಲ್ಲಿ ಅರ್ಧ ಸುಳ್ಳಾಗಿರುತ್ತಿತ್ತು. ಆದರೂ ಪುಸ್ತಕಗಳಲ್ಲಿ ಬಾಸ್ಕೋ ಕ್ಯಾನರಿಯೋ ಎಂಬ ವಾದಕ್ಕೆ ಸಿಗುವ ಪುಟಗಳು ಪನೊವಾಯಾನಿನ ಮೂವತ್ತು ವರ್ಷಕ್ಕೆ ಸಿಗುವುದಿಲ್ಲ. ಮಗಳ ಜೊತೆಗೆ ಇರದೆಯೇ ಹೋದ ಒಬ್ಬ ಗಂಡಸಿನ ಊರಿಗೆ ಇಷ್ಟೆಲ್ಲ ಯಾಕೆ?

*

ಮೂಲವನ್ನು ತಾವೇ ಬಿಟ್ಟು ಹೋದವರ ಮಾತೂ ಇದೆ. ರಾಮಕುಂಜದಲ್ಲಿ ಹುಟ್ಟಿ ಲೋಕಕ್ಕೆ ಪರಿಚಿತರಾದವರು ಪೇಜಾವರ ಮಠದ ವಿಶ್ವೇಶತೀರ್ಥರು. 1931ರ ಏಪ್ರಿಲ್ 27ರಂದು ಹುಟ್ಟಿದಾಗ ಇಟ್ಟ ಹೆಸರು ವೆಂಕಟರಮಣ. 1938ರಲ್ಲಿ, ಇನ್ನೂ ಎಳೆಯ ಹುಡುಗನಾಗಿದ್ದಾಗಲೇ, ಹಂಪಿಯಲ್ಲಿ ಸನ್ಯಾಸ. ಅಲ್ಲಿಂದ ಮುಂದೆ ಗುರುಪರಂಪರೆಯೇ ಅವರ ವಂಶ. ಪೂರ್ವಾಶ್ರಮದ ಗೋತ್ರವೂ ಮನೆಯೂ ಹಿಂದೆ ಉಳಿದವು. ಆದರೆ ಊರಿನವರು ಇವತ್ತಿಗೂ ಅವರನ್ನು ನೆನೆಯುವಾಗ ಗುರುಪರಂಪರೆ ಹೇಳಿ ಅಲ್ಲಿಗೇ ಬಿಡುವುದಿಲ್ಲ. ಆ ಮನೆ ಎಲ್ಲಿತ್ತು, ಅಮ್ಮ ಯಾರು ಎಂದು ಹೇಳಿಯೇ ತೀರುತ್ತಾರೆ. ಸನ್ಯಾಸಿನಿಯಾದ ಹುವಾನಾಳಿಗೂ ಮಠ ಹೊಸ ಹೆಸರು ಕೊಟ್ಟಿತು, ಹಳೆಯದನ್ನು ಲೋಕ ಬಿಡಲಿಲ್ಲ. ಮೂಲ ಬಿಟ್ಟವರ ಮೂಲವನ್ನೇ ಜನ ಹೆಚ್ಚು ಹುಡುಕುತ್ತಾರೆ. ಇದು ಯಾಕೆ ಹೀಗೆ ಎಂದು ಕೇಳಿದರೆ ಯಾರೂ ಸರಿಯಾಗಿ ಹೇಳಲಾರರು.

ತಮ್ಮ ಹೆಸರನ್ನೇ ಮರೆಮಾಡಿದವರೂ ಇದ್ದಾರೆ. ನಂದಳಿಕೆಯ ಲಕ್ಷ್ಮೀನಾರಣಪ್ಪ ತಾವೇ ಬರೆದದ್ದನ್ನು ಹಳೆಯ ಓಲೆಯ ಪ್ರತಿ ಎಂದು ಹೇಳಿ ಅಚ್ಚಿಗೆ ಕಳಿಸಿದರು. ಕೊನೆಗೆ ಲೋಕಕ್ಕೆ ಅವರ ಗುರುತಾಗಿ ಉಳಿದ ಮುದ್ದಣ ಎಂಬ ಹೆಸರು ತಾಯಿ ಮುದ್ದಿನಿಂದ ಕರೆಯುತ್ತಿದ್ದದ್ದಂತೆ. ಅಲ್ಲೂ ತಾಯಿಯೇ. ಅವರೂ ಯಕ್ಷಗಾನ ಪ್ರಸಂಗ ಬರೆದವರು.

*

ಪಾರ್ತಿಯ ಕಡೆಗೆ ಮತ್ತೆ.

ಅವಳ ಮರಣಶಾಸನ ಸಿಗುವುದಿಲ್ಲ. ಚರ್ಚಿನ ಪುಸ್ತಕದಂಥದ್ದೂ ಇಲ್ಲ. ಆದರೆ ಅವಳು ಇದ್ದಿರಬಹುದಾದ ಜಾಗ ಒಂದಿದೆ, ಅದು ಸುಬ್ಬನ ಹಾಡುಗಳ ಒಳಗೆ. ಅವನ ಲೆಕ್ಕಕ್ಕೆ ಬರೆದ ಪ್ರಸಂಗಗಳಲ್ಲಿ ಪುತ್ರಕಾಮೇಷ್ಟಿ ಇದೆ, ಸೀತಾಕಲ್ಯಾಣ ಇದೆ, ಬಾಲಲೀಲೆ ತುಂಬಿದ ಕೃಷ್ಣಚರಿತೆ ಇದೆ. ಮಕ್ಕಳಿಲ್ಲದ ಸಂಕಟ, ಬಸಿರು, ಹೆರಿಗೆ, ತೊಟ್ಟಿಲು, ಮದುವೆಯ ಶೋಭಾನೆ. ಕಾಳಗದ ಪದ್ಯಗಳನ್ನು ಅವನು ರಂಗಸ್ಥಳದಲ್ಲಿ, ರಾಮನಾಟ್ಟದಲ್ಲಿ ಕೇಳಿ ಕಲಿತನು ಎಂದೇ ಇಟ್ಟುಕೊಳ್ಳೋಣ. ಗಂಡಸರ ಆಟದಲ್ಲಿ, ಗಂಡಸರ ಮೇಳದಲ್ಲಿ ಜೋಗುಳ ಕೇಳಿ ಬರುವುದಿಲ್ಲ. ಅದನ್ನು ಅವನು ಎಲ್ಲಾದರೂ ಒಂದು ಮನೆಯೊಳಗೆ ಕೇಳಿರಲೇಬೇಕು.

ಮುಳಿಯರು, ಕಾರಂತರು, ಕುಕ್ಕಿಲರು ಕೇಳಿದ ಪ್ರಶ್ನೆಗಳ ಜೊತೆಗೆ ಇದನ್ನೂ ಸೇರಿಸಿ ಓದಬೇಕು ಎಂದು ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ಸುಬ್ಬನ ಪದ್ಯಗಳ ಮಟ್ಟುಗಳನ್ನು ಕುಂಬಳೆ, ವಿಟ್ಲ, ಪುತ್ತೂರು ಕಡೆಯ ಹೆಂಗಸರ ಹಾಡಿನ ಜೊತೆಗೆ ಇಟ್ಟು ನೋಡಬೇಕು. ಮದುಮಗಳಿಗೆ ಅರಸಿನ ಹಚ್ಚುವಾಗ ಹೇಳುವ ಹಾಡು, ಆರತಿ ಎತ್ತುವಾಗಿನ ಹಾಡು, ಮಗುವನ್ನು ತೊಟ್ಟಿಲಿಗೆ ಹಾಕುವಾಗಿನ ಹಾಡು. ಅವು ಬಲ್ಲ ಅಜ್ಜಿಯಂದಿರು ಈ ಕಡೆ ಇನ್ನೂ ಇದ್ದಾರೆ, ಬಹಳ ಮಂದಿ ಇಲ್ಲ. ಓಲೆಗರಿ ಇನ್ನೂ ಕೆಲವು ವರ್ಷ ಕಾದರೂ ಕಾಯಬಹುದು, ಅವರು ಕಾಯುವುದಿಲ್ಲ.

ಹತ್ತಿರದ ಒಬ್ಬ ಹಿರಿಯ ಭಾಗವತರ ಹತ್ತಿರ ಈ ಮಾತು ತೆಗೆದೆ. ಸ್ವಲ್ಪ ಹೊತ್ತು ಸುಮ್ಮನಿದ್ದವರು ಸೀತಾಕಲ್ಯಾಣದ ಒಂದು ಪದ್ಯವನ್ನು ಮೆಲ್ಲಗೆ, ಜಾಗಟೆ ಇಲ್ಲದೆ ಹಾಡಿ ನೋಡಿದರು. "ಹೌದು ಮಾರಾಯ್ರೇ, ಇದು ನನ್ನ ಅಮ್ಮ ಹೇಳುತ್ತಿದ್ದ ಹಾಡಿನ ಹಾಗೆಯೇ ಉಂಟು" ಎಂದರು. ಆ ಹಾಡು ಅವರ ತಂಗಿಗೆ ಇನ್ನೂ ಬರುತ್ತದಂತೆ, ಅವರು ವಿಟ್ಲದ ಹತ್ತಿರ ಇದ್ದಾರಂತೆ. ಮಳೆ ಸ್ವಲ್ಪ ಕಡಿಮೆಯಾದ ಮೇಲೆ ಅಲ್ಲಿಗೆ ಹೋಗುವುದು, ಹಾಡಿಸಿ ಬರೆದುಕೊಳ್ಳುವುದು, ಅವರು ಅದನ್ನು ಯಾರಿಂದ ಕಲಿತರು ಎಂದು ಮೊದಲು ಕೇಳುವುದು.